ಪಾಲಿಗೆ ಬಂದ ಹಳೇ ಬೀರು: ಪಾಲಿಶ್‌ಗೂ ಮುಂಚೆ ಬೆನ್ನು ನೋಡಿ

ಹಳೆಮನೆ ಕೆಡವುವ ಕಂಟ್ರಾಕ್ಟು ಮಾತಾಡುವಾಗ ತೊಲೆ, ಕಂಬ, ಬಾಗಿಲುವಾಡಕ್ಕೆ ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ. ಒಳಕೋಣೆಯ ಬೀರು, ಸಂದೂಕ, ಬೆತ್ತ ಹರಿದ ಆರಾಮಕುರ್ಚಿ ಮಾತ್ರ ‘ಅದೂ ಇರಲಿ ತಗೊಳ್ಳಿ’ ಎಂದು ಪುಕ್ಕಟೆ ಲಾರಿ ಹತ್ತುತ್ತವೆ. ಪ್ರೀತಿಯಿಂದಲೇ ಆಗುವ ನಷ್ಟ ಇನ್ನೊಂದಿದೆ. ಪಾಲಿಗೆ ಬಂದ ವಾರದಲ್ಲೇ ಸ್ಯಾಂಡರ್ ಹೊಡೆಸಿ, ಮಿರಮಿರ ಮಿಂಚುವ ಮೆಲಮೈನ್ ಎಂಬ ರಾಸಾಯನಿಕ ಲೇಪ ಬಳಿಸಿಬಿಡುವುದು. ಬೆಲೆ ತಿಳಿಯುವ ತನಕ ಪಾಲಿಶ್ ಬೇಡ, ರಿಪೇರಿ ಬೇಡ, ಒದ್ದೆಬಟ್ಟೆಯೂ ಬೇಡ. ಮೊದಲ ನೋಟಕ್ಕೆ ಒಣಬಟ್ಟೆ, ಟಾರ್ಚ್, ಅಳತೆ ಟೇಪು, ಒಂದು ಭೂತಗನ್ನಡಿ ಸಾಕು.

ಬೆನ್ನು, ತಳ, ಒಳಗು

ಬೀರುವಿನ ಎದುರುಮುಖವನ್ನು ಹಳತಾಗಿ ಕಾಣಿಸುವುದು ಕಷ್ಟವಲ್ಲ. ಜೋಧಪುರದಲ್ಲಿ ಅದೇ ದೊಡ್ಡ ಉದ್ಯಮ. ಆದ್ದರಿಂದ ಗೋಡೆಯಿಂದ ಎಳೆದು ಹಿಂಬದಿಗೆ ಟಾರ್ಚ್ ಬಿಡಿ, ಡ್ರಾಯರ್‌ಗಳನ್ನು ಹೊರತೆಗೆದು ಮಗುಚಿ. ಪಾಲಿಶ್ ಕಾಣದ ಹಲಗೆಯ ಮೇಲೆ ಗರಗಸದ ಗೀರುಗಳು ನೇರವಾಗಿದ್ದು ಅಂತರ ಹೆಚ್ಚುಕಡಿಮೆಯಾಗಿದ್ದರೆ ಕೈಯಲ್ಲಿ ಕೊಯ್ದದ್ದು. ಬಿಲ್ಲಿನಂತೆ ಬಾಗಿದ್ದರೆ ಮಿಲ್ಲಿನ ಚಕ್ರಗರಗಸದ್ದು. ಕೈ ಸವರಿದಾಗ ಬಾಚಿ, ಕೀಸುಳಿಗಳ ಸಣ್ಣ ಅಲೆ ಬೆರಳಿಗೆ ತಾಕಬೇಕು. ಒಳಗೆಲ್ಲ ಬಣ್ಣ ಒಂದೇ ಬಗೆಯಲ್ಲಿ ಮಾಗಿರಬೇಕು. ನಡುವೆ ಒಂದು ಹಲಗೆ ಬೆಳ್ಳಗಿದ್ದರೆ ಅದು ಆಮೇಲೆ ಸೇರಿದ್ದು. ಬೆನ್ನಿಗೆ ಪ್ಲೈವುಡ್ ಇದ್ದರೆ ಒಂದೋ ದುರಸ್ತಿಯಾಗಿದೆ, ಇಲ್ಲವೇ ಇಡೀ ಬೀರುವೇ ಇಪ್ಪತ್ತನೇ ಶತಮಾನದ್ದು. ಮೇಲಿನ ಗಾಜಿನ ಕಪಾಟು, ಕೆಳಗಿನ ಖಾನೆ ಎರಡು ಬೇರೆ ಬೇರೆ ಬೀರುಗಳಿಂದ ಬಂದು ಜೋಡಿಯಾಗಿರುವುದೂ ಉಂಟು. ಎರಡರ ಬೆನ್ನಿನ ಮರ, ಕೆಲಸದ ರೀತಿ ಒಂದೇ ಇದೆಯೇ ನೋಡಿ.

ಸ್ಕ್ರೂ ಒಳ್ಳೆಯ ಸಾಕ್ಷಿ. ಒಂದನ್ನು ಮೆಲ್ಲಗೆ ಬಿಚ್ಚಿ. ತುದಿ ಮೊಂಡಾಗಿ, ತಲೆಯ ಸೀಳು ನಡುವಿನಿಂದ ತುಸು ಸರಿದಿದ್ದರೆ ಹಳೆಯದು. ತುದಿ ಚೂಪಾದ ಯಂತ್ರದ ಸ್ಕ್ರೂ ಬಳಕೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಮಧ್ಯದ ನಂತರ. ‘ಪ್ಲಸ್’ ಗುರುತಿನ ತಲೆ 1930ರ ದಶಕದ್ದು. ಆದರೆ ಕೀಲು ಸಡಿಲಾದಾಗ ಯಾರೋ ಹೊಸ ಸ್ಕ್ರೂ ಹಾಕಿರಬಹುದು, ಪಕ್ಕದಲ್ಲಿ ಹಳೆಯ ತೂತಿನ ಗುರುತು ಹುಡುಕಿ.

ಇಂಗ್ಲಿಷ್ ಕೈಪಿಡಿಗಳು ಡ್ರಾಯರ್ ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಕಡಿದು ಕೂಡಿಸಿದ ಡವ್‌ಟೇಲ್ ಸಂದು ಕೈಯಲ್ಲಿ ಕತ್ತರಿಸಿದ್ದರೆ ಬಹಳ ಹಳೆಯದು ಎನ್ನುತ್ತವೆ. ನಮ್ಮಲ್ಲಿ ಆ ಮಾತು ನಂಬಬೇಡಿ. ಊರಿನ ಆಚಾರ್ರು ಯಂತ್ರ ಬಂದಮೇಲೂ ಉಳಿಯಲ್ಲೇ ಸಂದು ಕಡಿದವರು. ಬಿದಿರಿನ ಮೊಳೆಯೂ ಅಷ್ಟೇ, ಅದೊಂದರಿಂದಲೇ ಕಾಲ ಹೇಳಲಾಗದು. ದುಂಡುಮೇಜಿದ್ದರೆ ಮಾತ್ರ ಒಂದು ಚಂದದ ಪರೀಕ್ಷೆ ಇದೆ. ಮರ ನಾರಿನ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬೇಕು, ಅಡ್ಡಕ್ಕೆ ಕುಗ್ಗುತ್ತದೆ. ಎರಡೂ ದಿಕ್ಕಿಗೆ ಟೇಪು ಹಿಡಿಯಿರಿ, ಹಳೆಯದಾದರೆ ಅಡ್ಡಳತೆ ತುಸು ಕಡಿಮೆ ಬರಬೇಕು. ಅಚ್ಚುಕಟ್ಟು ವೃತ್ತವಾಗಿದ್ದರೆ ಅನುಮಾನಿಸಿ.

ಯಾವ ಮರ?

ಬೀಟೆ ನೇರಳೆ ಛಾಯೆಯ ಕಂದು, ನಡುವೆ ಕಪ್ಪು ಗೆರೆ, ಎತ್ತಿದರೆ ಸೊಂಟ ಹಿಡಿಯುವ ಭಾರ. ಒಂದು ಘನ ಅಡಿ ಬೀಟೆ ಹತ್ತಿರ ಹತ್ತಿರ 24 ಕಿಲೊ ತೂಗಿದರೆ ತೇಗ 18ರ ಆಸುಪಾಸು. ತೇಗ ಹೊನ್ನಿನ ಬಣ್ಣದ್ದು, ಮುಟ್ಟಿದರೆ ಎಣ್ಣೆಯ ಜಿಡ್ಡು. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಗಂದು. ಇದನ್ನು ‘ತೇಗ’ ಎಂದು ತಪ್ಪು ತಿಳಿಯಬಹುದು. ಹೊನ್ನೆ ಮರದ ಕೆಚ್ಚಿನ, ಅಂದರೆ ಒಳತಿರುಳಿನ, ಚೂರು ನೀರಿಗೆ ಬಿದ್ದರೆ ನೀರು ನೀಲಿ ಮಿನುಗುತ್ತದೆ. ಬಣ್ಣ ಬಳಿದು ಮೋಸ ಮಾಡಬಹುದಾದ್ದರಿಂದ ತೂಕ, ನಾರು ಎರಡನ್ನೂ ಸೇರಿಸಿ ನೋಡಿ. ಖಚಿತ ಬೇಕೆಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಚೂರು ಪರೀಕ್ಷಿಸಿ ಹೇಳುತ್ತಾರೆ.

ಮೂಲ ಪಾಲಿಶ್ ಉಳಿದಿದೆಯೇ ಎಂದು ತಿಳಿಯಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒಮ್ಮೆ ಒತ್ತಿ. ಅಂಟಂಟಾದರೆ ಹಳೆಯ ಬಗೆಯ ಅರಗಿನ ಪಾಲಿಶ್. ಏನೂ ಆಗದಿದ್ದರೆ ಬಹುಮಟ್ಟಿಗೆ ಈಚಿನ ರಾಸಾಯನಿಕ ಲೇಪ. ಸಣ್ಣ ತೂತುಗಳಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಮರ ಕೊರೆಯುವ ಕುಟ್ಟೆ ಹುಳು ಇನ್ನೂ ಜೀವಂತವಾಗಿದೆ, ಬೇರೆ ಮರದ ಸಾಮಾನಿನಿಂದ ದೂರವಿಡಿ.

ಇಷ್ಟಾದ ಮೇಲೆ ಮನೆಯ ಹಿರಿಯರನ್ನು ಕೇಳಿ, ಹಳೆಯ ಮದುವೆ ಫೋಟೊಗಳ ಹಿನ್ನೆಲೆಯನ್ನೂ ಗಮನಿಸಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಬಂಗಲೆಯ ಉದ್ದತೋಳಿನ ಕುರ್ಚಿಗೆ ಒಂದು ಹರಾಜು ಚೀಟಿ ಸಿಕ್ಕರೂ ಅದಕ್ಕೆ ಬೆಲೆಯಿದೆ. ಹೋಲಿಸಿ ನೋಡಲು ಹಳೆಯ ಮನೆಗಳನ್ನು ಕಾಪಿಟ್ಟಿರುವ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಒಮ್ಮೆ ಹೋಗಿ ಬನ್ನಿ.

ಬೆಲೆ ಕಟ್ಟುವುದು

ಮೊದಲು ತಳಬೆಲೆ, ಅಂದರೆ ಬರೀ ಮರದ ಬೆಲೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಅಳೆದು ಗುಣಿಸಿ 144ರಿಂದ ಭಾಗಿಸಿ. 6 ಅಡಿ ಉದ್ದ, 12 ಇಂಚು ಅಗಲ, 1 ಇಂಚು ದಪ್ಪದ ಹಲಗೆ ಅರ್ಧ ಘನ ಅಡಿ. ಎಲ್ಲ ಹಲಗೆಗಳದ್ದೂ ಕೂಡಿಸಿ, ಊರಿನ ಮರದಂಗಡಿಯ ಇವತ್ತಿನ ದರ ಹಾಕಿ. ಇದಕ್ಕಿಂತ ಕಡಿಮೆಗೆ ಕೇಳುವವನು ಗುಜರಿಯವನೇ.

ಅದರ ಮೇಲಿನದನ್ನು ವಯಸ್ಸೊಂದೇ ನಿರ್ಧರಿಸುವುದಿಲ್ಲ. ಕೆಡದೆ ಉಳಿದ ಮೂಲ ಪಾಲಿಶ್, ಬೀಗ, ಹಿತ್ತಾಳೆ ಹಿಡಿ ಬೆಲೆ ಏರಿಸುತ್ತವೆ. ಗಾತ್ರ ಇಳಿಸುತ್ತದೆ: ಎಂಟಡಿಯ ಬೀರು ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತುವುದಿಲ್ಲ, ಕೊಳ್ಳುವವರು ಕಡಿಮೆ. ಲೆಕ್ಕ ಬರೆಯುವ ಇಳಿಜಾರು ಡೆಸ್ಕು, ಜೋಡಿ ಕುರ್ಚಿ ಅದಕ್ಕಿಂತ ಬೇಗ ಹೋಗುತ್ತವೆ. ಆನ್‌ಲೈನಿನಲ್ಲಿ ಕಾಣುವುದು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ತಮಿಳುನಾಡಿನ ಕಾರೈಕುಡಿಯ ಅಥವಾ ಕೊಚ್ಚಿಯ ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಯಲ್ಲಿ ನೋಡಿದ ಚೀಟಿಯಲ್ಲಿ ಸಾಗಣೆ, ರಿಪೇರಿ, ಬಾಡಿಗೆ, ಲಾಭ ಎಲ್ಲ ಸೇರಿರುತ್ತವೆ. ನಿಮ್ಮ ಕೈಗೆ ಬರುವುದು ಅದರ ಒಂದು ಭಾಗ. ಬೆಲೆ ಹೇಳುವವನೂ ಕೊಳ್ಳುವವನೂ ಒಬ್ಬನೇ ಆಗದಂತೆ ನೋಡಿಕೊಳ್ಳಿ. ಅಣ್ಣತಮ್ಮಂದಿರ ಪಾಲಿನ ಲೆಕ್ಕಕ್ಕಾದರೆ ಬೇರೆ ಬೇರೆ ವ್ಯಾಪಾರಿಗಳಿಂದ ಬರಹದಲ್ಲೇ ಬೆಲೆ ತರಿಸಿ.

ಮಾರುವ ಮುನ್ನ ಕಾನೂನು. ಮೈಸೂರಿನ ಹಳೆಯ ಬೀಟೆ ಕೆತ್ತನೆಯಲ್ಲಿ ಕೂರಿಸಿದ ಬಿಳಿಯ ಚಿತ್ತಾರ ದಂತವಾಗಿರಬಹುದು. ಭಾರತದ ಆನೆದಂತದ ವ್ಯಾಪಾರ 1986ರಲ್ಲಿ, ಆಫ್ರಿಕದ್ದು 1991ರಲ್ಲಿ ನಿಷೇಧವಾಗಿದೆ. ಅಂಥದ್ದಿದ್ದರೆ ಮಾರುವ ಮಾತು ಬಿಟ್ಟು ಅರಣ್ಯ ಇಲಾಖೆಯನ್ನು ಕೇಳಿ. ನೂರು ವರ್ಷ ದಾಟಿದ ಕರಕುಶಲ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರಬಹುದು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಪ್ರಾಚ್ಯವಸ್ತುವಲ್ಲ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣೆ ಪ್ರಮಾಣಪತ್ರ ಕೊಟ್ಟರೆ ಆ ತೊಡಕಿಲ್ಲ. ಆದರೂ ಬೀಟೆಯ ಕುಲ 2017ರಿಂದ, ಅಳಿವಿನ ಭಯವಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಅಮೆರಿಕದಲ್ಲಿರುವ ಮಗನ ಮನೆಗೆ ಅಜ್ಜಿಯ ಸಂದೂಕ ಕಳಿಸುವವರು ಪ್ಯಾಕಿಂಗ್‌ನವರಿಗೆ ಮುಂಗಡ ಕೊಡುವ ಮೊದಲೇ ಈ ಕಾಗದಪತ್ರ ವಿಚಾರಿಸಿಕೊಳ್ಳಬೇಕು.