ಅಟಾರಿಯಲ್ಲಿ ಡಾಸ್: ಬೂಟ್ ಫ್ಲಾಪಿ ಮಾಡಿದ ಬಗೆ

ನನ್ನ ಹಳೆಯ ಅಟಾರಿ 1040 ಎಸ್‌ಟಿ ಕಂಪ್ಯೂಟರಿನಲ್ಲಿ ಪಿಸಿ-ಡಿಟ್ಟೊ (ಅಟಾರಿಯನ್ನು ಪಿಸಿಯಂತೆ ನಟಿಸುವಂತೆ ಮಾಡುವ ಸಾಫ್ಟ್‌ವೇರ್) ಹಾಕಿ, ಹಳೆಯ ಪಿಸಿಗಳ ಆಪರೇಟಿಂಗ್ ಸಿಸ್ಟಂ ಆದ ಡಾಸ್ ಓಡಿಸಬೇಕಿತ್ತು. ಯಾವ ಹಾರ್ಡ್‌ವೇರೂ ಬೇಡ, ಎಸ್‌ಟಿಯ 68000 ಚಿಪ್ಪೇ ಹಳೆಯ ಪಿಸಿಯ 8088 ಚಿಪ್ಪಿನ ವೇಷ ಹಾಕುತ್ತದೆ. ವೇಗದ ಮಾತು ಮಾತ್ರ ಕೇಳಬೇಡಿ! ಡಾಸ್ ಶುರು ಮಾಡುವ ಫ್ಲಾಪಿಯನ್ನು, ಅಂದರೆ ಬೂಟ್ ಫ್ಲಾಪಿಯನ್ನು, ನಾವೇ ಕೊಡಬೇಕು.

ಹಳೆಯ ಪಿಸಿಯಲ್ಲಿ ಮಾಡಿದ ಫ್ಲಾಪಿಯನ್ನು ಎಸ್‌ಟಿ ಓದಲೇ ಇಲ್ಲ. ಕಾರಣ, ಡಿಸ್ಕಿನ ಮೂಲೆಯ ತೂತು. ಈಗ ಜಾಸ್ತಿ ಸಿಗುವುದು 1.44 ಎಂಬಿ ಡಿಸ್ಕುಗಳೇ ಅಲ್ವಾ? ಆ ತೂತು ಕಂಡರೆ ಪಿಸಿ ಡ್ರೈವ್ ಹೈ ಡೆನ್ಸಿಟಿಯಲ್ಲಿ (1.44 ಎಂಬಿ) ಬರೆಯುತ್ತದೆ. ನನ್ನ ಎಸ್‌ಟಿಗೆ ಗೊತ್ತಿರುವುದು 720 ಕೆಬಿ. ತೂತಿಗೆ ಟೇಪ್ ಅಂಟಿಸಿದರೆ ಕೆಲವೊಮ್ಮೆ ನಡೆಯುತ್ತದೆ. ಆದರೆ ಒಳಗಿನ ಕಾಂತೀಯ ಲೇಪನವೇ ಬೇರೆ, ನಂಬುವ ಹಾಗಿಲ್ಲ. ಹಾಗಾಗಿ ಹಳೆಯ ಡಬಲ್ ಡೆನ್ಸಿಟಿ (720 ಕೆಬಿ) ಡಿಸ್ಕನ್ನೇ ಹುಡುಕಿ ತಂದೆ.

ಡಾಸ್ 3.3ರಲ್ಲಿ ‘ಫಾರ್ಮ್ಯಾಟ್ ಎ: /ಟಿ:80 /ಎನ್:9 /ಎಸ್’ ಕೊಟ್ಟೆ. ಅಂದರೆ 80 ಟ್ರ್ಯಾಕ್ (ಡಿಸ್ಕಿನ ಮೇಲಿನ ವೃತ್ತಗಳು), ಟ್ರ್ಯಾಕಿಗೆ 9 ಸೆಕ್ಟರ್ (ತುಂಡುಗಳು). ಕೊನೆಯ ‘ಎಸ್’ ಬಿಡಬೇಡಿ. ಸುಮ್ನೆ ಫೈಲ್ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ಕಣ್ಣಿಗೆ ಕಾಣದ ಎರಡು ಸಿಸ್ಟಂ ಫೈಲುಗಳು ಡಿಸ್ಕಿನ ಶುರುವಿನಲ್ಲೇ ಕೂರಬೇಕು.

ಈ ಸಲ ಡಾಸ್ ದಿನಾಂಕ ಕೇಳಿತು, ಸಮಯ ಕೇಳಿತು, ‘ಎ’ ಪ್ರಾಂಪ್ಟ್ ಬಂತು. ತಕ್ಷಣ ಇಡೀ ಡಿಸ್ಕನ್ನು ನಕಲಿಸುವ ಡಿಸ್ಕ್‌ಕಾಪಿ ಕಮಾಂಡ್ ಹಾಕಿ ಇನ್ನೊಂದು ಪ್ರತಿ ಮಾಡಿಟ್ಟೆ.