‘ಲೇಟ್’ ಬರೆಯುವ ಮುನ್ನ: ತಡವೋ, ದಿವಂಗತರೋ?

ಬಸ್ಸು ಹೊತ್ತಿಗೆ ಬಾರದಿದ್ದರೂ ‘ಲೇಟ್’, ಲಗ್ನಪತ್ರಿಕೆಯಲ್ಲಿ ತೀರಿಹೋದ ಅಜ್ಜನ ಹೆಸರಿನ ಹಿಂದೆಯೂ ‘ಲೇಟ್’. ಇಂಗ್ಲಿಷಿನ ಈ ಗುಣವಾಚಕ ನಮ್ಮ ಆಡುಮಾತಿನಲ್ಲಿ ಬೆರೆತುಹೋಗಿದ್ದರೂ, ಅರ್ಜಿಯನ್ನೋ ಪತ್ರವನ್ನೋ ಇಂಗ್ಲಿಷಿನಲ್ಲಿಯೇ ಬರೆಯಲು ಕುಳಿತಾಗ ಅನೇಕರು ಇದರಲ್ಲಿ ಎಡವುತ್ತಾರೆ. ಏಕೆಂದರೆ ಇದರ ಅರ್ಥ ಬಹುಮಟ್ಟಿಗೆ ವಾಕ್ಯದಲ್ಲಿ ಇದು ನಿಂತ ಜಾಗವನ್ನು ಅವಲಂಬಿಸಿದೆ.

ಆದ್ದರಿಂದ ಮೊದಲು ಜಾಗವನ್ನು ಗಮನಿಸಿ. ‘ಈಸ್’, ‘ವಾಸ್’ಗಳ ನಂತರ ಬಂದರೆ ತಡ ಎಂದೇ ಅರ್ಥ: ‘ಮೈ ಫಾದರ್ ಈಸ್ ಲೇಟ್’ ಎಂದರೆ ತಂದೆಯವರು ಇನ್ನೂ ಬಂದಿಲ್ಲ. ಸಂಬಂಧವನ್ನೋ ವ್ಯಕ್ತಿಯನ್ನೋ ಸೂಚಿಸುವ ನಾಮಪದದ ಹಿಂದೆ ಬಂದು ‘ಮೈ ಲೇಟ್ ಫಾದರ್’ ಎಂದಾದರೆ ಅವರು ತೀರಿಕೊಂಡಿದ್ದಾರೆ. ರೈಲು, ಊಟದಂಥವುಗಳ ಹಿಂದೆ ಬಂದಾಗ ಮಾತ್ರ ತಡವೆಂಬ ಅರ್ಥವೇ ಉಳಿಯುತ್ತದೆ. (ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾಗಳ ಇಂಗ್ಲಿಷಿನಲ್ಲಿ ‘ಹಿ ಈಸ್ ಲೇಟ್’ ಎಂದರೆ ಅವರು ತೀರಿಕೊಂಡರು ಎಂದೂ ಆಗುತ್ತದೆ, ಆ ಬಳಕೆ ಅಲ್ಲಿನದು, ನಮಗೆ ಬೇಕಾಗಿಲ್ಲ.)

ದಿವಂಗತರೆಂಬ ಅರ್ಥವೇ ಬೇಕಾದಾಗ ಎರಡನೆಯ ಹೆಜ್ಜೆ ‘ದಿ’ ಸೇರಿಸುವುದು. ವ್ಯಕ್ತಿಯ ಹೆಸರಿನ ಹಿಂದೆ ಬರಿಯ ‘ಲೇಟ್’ ಸಾಲದು, ‘ದಿ ಲೇಟ್’ ಎಂದೇ ಬರೆಯಬೇಕು. ‘ಮೈ’, ‘ಹರ್’ ಮೊದಲಾದವು ಇದ್ದಲ್ಲಿ ಮಾತ್ರ ‘ದಿ’ ಬೇಡ. ‘ಸನ್ ಆಫ್ ಲೇಟ್ ರಾಮಪ್ಪ’ ಎಂಬುದು ನಮ್ಮ ಕಚೇರಿಗಳ ಅರ್ಜಿ ನಮೂನೆಗಳಲ್ಲಿ ಬೇರೂರಿದ ರೂಢಿಯಾದ್ದರಿಂದ ಅದನ್ನು ಅಲ್ಲಿ ತಿದ್ದಹೊರಡುವುದರಲ್ಲಿ ಅರ್ಥವಿಲ್ಲ, ಆದರೆ ಪತ್ರದ ಪೂರ್ಣ ವಾಕ್ಯದೊಳಗೆ ಅದನ್ನೇ ತಂದಿಟ್ಟರೆ ಬರಹ ಕುಂಟುತ್ತದೆ.

ಇನ್ನು ಯಾರಿಗೆ, ಯಾವ ಸಂದರ್ಭದಲ್ಲಿ ಬಳಸಬೇಕೆಂಬುದು ತುಸು ಸೂಕ್ಷ್ಮವಾದ ವಿಷಯ. ಬದುಕಿದ್ದಾರೆಂದು ಓದುಗರು ಭಾವಿಸಬಹುದಾದವರ ಬಗ್ಗೆ, ಅಂದರೆ ಈಚಿನ ಕೆಲವು ದಶಕಗಳಲ್ಲಿ ತೀರಿಕೊಂಡವರ ಬಗ್ಗೆ, ಈ ಪದ ಸಲ್ಲುತ್ತದೆ; ಹದಿನಾರನೆಯ ಶತಮಾನದ ಕೆಂಪೇಗೌಡರನ್ನು ‘ದಿ ಲೇಟ್ ಕೆಂಪೇಗೌಡ’ ಎಂದು ಬರೆದರೆ ನಗೆಪಾಟಲಾಗುತ್ತದೆ. ಬದುಕಿದ್ದಾಗ ಮಾಡಿದ ಕೆಲಸವನ್ನು ಹೇಳುವಾಗಲೂ ಇದನ್ನು ಬಿಡುವುದು ಲೇಸು. 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ತೀರಿಕೊಂಡದ್ದು 1980ರಲ್ಲಿ. ‘ದಿ ಲೇಟ್ ಕೆಂಗಲ್ ಹನುಮಂತಯ್ಯ ವಿಧಾನಸೌಧವನ್ನು ಕಟ್ಟಿಸಿದರು’ ಎಂಬ ಧಾಟಿಯ ಇಂಗ್ಲಿಷ್ ವಾಕ್ಯ, ಕಟ್ಟಿಸುವಾಗಲೇ ಅವರು ದಿವಂಗತರಾಗಿದ್ದರೇ ಎಂದು ಕೇಳುವಂತೆ ಮಾಡುತ್ತದೆ. ಅಲ್ಲಿ ಬರಿಯ ಹೆಸರು ಸಾಕು. ನಮ್ಮ ಸಭೆ ಸಮಾರಂಭಗಳ ಇಂಗ್ಲಿಷ್ ವರದಿಗಳು ಈ ವಿವೇಚನೆಯನ್ನು ತೋರುವುದು ಅಪರೂಪ. ಗೌರವಸೂಚಕವೆಂದು ತಿಳಿದು ಸಾಲುಸಾಲಿಗೂ ‘ಲೇಟ್’ ಅಂಟಿಸುವವರಿದ್ದಾರೆ, ಆದರೆ ಈ ಪದ ಮರಣವನ್ನಷ್ಟೇ ತಿಳಿಸುತ್ತದೆ, ಗೌರವದ ತೂಕವನ್ನು ಹೆಚ್ಚಿಸುವುದಿಲ್ಲ.

ಕಾಲವಾಚಕಗಳ ಹಿಂದೆ ಬಂದಾಗ ಇದು ಆ ಅವಧಿಯ ಕೊನೆಯ ಭಾಗವನ್ನು ಸೂಚಿಸುತ್ತದೆ. ‘ಲೇಟ್ ಆಗಸ್ಟ್’ ಎಂದರೆ ಆಗಸ್ಟ್ ತಿಂಗಳ ಕೊನೆಯ ದಿನಗಳು. ಒಬ್ಬರು ‘ಲೇಟ್ ಥರ್ಟೀಸ್’ನಲ್ಲಿದ್ದಾರೆ ಎಂದರೆ ಅವರಿಗೆ ಸುಮಾರು 37ರಿಂದ 39 ವರ್ಷ.

ಕೊನೆಗೆ, ಇದರ ಬಳಗದ ಪದಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಿ. ‘ವೆರಿ ಲೇಟ್’, ‘ಲೇಟರ್’ ಎಂಬ ತರತಮ ರೂಪಗಳು ತಡಕ್ಕೂ ಕಾಲಕ್ಕೂ ಉಂಟು, ಮರಣಕ್ಕಿಲ್ಲ. ‘ಲೇಟರ್’ ಎಂದರೆ ಅನಂತರದ್ದು, ‘ಲ್ಯಾಟರ್’ ಎಂದರೆ ಹೇಳಿದ ಎರಡರಲ್ಲಿ ಎರಡನೆಯದು. ಇನ್ನೂ ಬರೆಯುತ್ತಿರುವ ಲೇಖಕರ ಹೊಸ ಪುಸ್ತಕವನ್ನು ‘ಲೇಟೆಸ್ಟ್’ ಎನ್ನಿ, ‘ಲಾಸ್ಟ್’ ಎಂದರೆ ಅವರು ಮತ್ತೆ ಬರೆಯುವುದಿಲ್ಲವೆಂಬ ಧ್ವನಿ ಹೊರಡಬಹುದು. ತಡವಾಗಿ ಬಂದೆ ಎನ್ನಲು ‘ಐ ಕೇಮ್ ಲೇಟ್’ ಸರಿ. ‘ಲೇಟ್ಲಿ’ಗೆ ಈಚೆಗೆ ಎಂಬ ಅರ್ಥವಿದೆಯೇ ಹೊರತು ತಡವಾಗಿ ಎಂಬುದಿಲ್ಲ.