ಹೆಡ್ ಬೋಲ್ಟ್ ಹಾಕುವ ಮೊದಲು ತೂತು ನೋಡಿ

ಬದಿಯಡ್ಕ ಕಡೆ ಕೆಂಪುಕಲ್ಲು ಸಾಗಿಸುವ ಲಾರಿ. ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ, ಲೋಡ್ ಹಾಕಿ ಏರು ಹತ್ತಿದರೆ ಸಾಕು, ರೇಡಿಯೇಟರಿನಲ್ಲಿ ಗುಳ್ಳೆ. ನೀರು ಕಡಿಮೆಯಾಗುತ್ತಿತ್ತು, ಮೇಲಿನ ಹೋಸ್ ಉಬ್ಬಿ ಗಟ್ಟಿಯಾಗುತ್ತಿತ್ತು.

ಥರ್ಮೋಸ್ಟಾಟ್ ಬದಲಾಯಿಸಿದೆ. ಹೆಡ್ಡಿನ (ಎಂಜಿನ್ನಿನ ಮೇಲಿನ ಮುಚ್ಚಳದ) ಅಡಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ ಫೇಸಿಂಗ್, ಅಂದರೆ ಅದರ ಅಡಿಭಾಗ ಸಪಾಟು ಮಾಡುವ ಕೆಲಸ, ಕೂಡ ಮಾಡಿಸಿದೆ. ಗುಳ್ಳೆ ನಿಲ್ಲಲಿಲ್ಲ. ಬೋಲ್ಟ್ ಇನ್ನೂ ಜಾಸ್ತಿ ಬಿಗಿ ಮಾಡಿ ಅಂದವರೂ ಇದ್ದರು. ಕೆಟ್ಟ ಸಲಹೆ, ಬೋಲ್ಟ್ ಸುಮ್ನೆ ಎಳೆದು ತುಂಡಾಗುತ್ತದೆ.

ತೊಂದರೆ ಇದ್ದದ್ದು ಬ್ಲಾಕಿನ, ಅಂದರೆ ಹೆಡ್ಡಿನ ಕೆಳಗಿನ ಎಂಜಿನ್ ಭಾಗದ, ಬೋಲ್ಟ್ ತೂತುಗಳಲ್ಲಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಅದನ್ನೇ ಒತ್ತುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಸಾಕು ಅಂತ ಟಕ್ ಅನ್ನುತ್ತದೆ, ಹೆಡ್ ಮಾತ್ರ ಸರಿಯಾಗಿ ಕೂತಿರುವುದಿಲ್ಲ, ಆ ಸಂದಿನಿಂದ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗಿ ಗುಳ್ಳೆ ಬರುತ್ತದೆ. ಬ್ಲಾಕ್ ಬಿರಿಯುವುದೂ ಉಂಟು.

ಸಪೂರ ಕಡ್ಡಿಗೆ ಬಟ್ಟೆ ಸುತ್ತಿ ಪ್ರತಿ ತೂತಿನ ತಳದವರೆಗೆ ಒರೆಸಿದೆ, ಗಾಳಿ ಹೊಡೆದೆ. ಬಟ್ಟೆ ಒಣಗಿಯೇ ಮೇಲೆ ಬರಬೇಕು. ಬೋಲ್ಟ್ ಬೆರಳಲ್ಲೇ ಸಲೀಸಾಗಿ ಇಳಿಯಬೇಕು. ಹೊಸ ಬೋಲ್ಟುಗಳ ಥ್ರೆಡ್ಡಿಗೂ ತಲೆಯ ಅಡಿಗೂ ತೆಳ್ಳಗೆ ಎಂಜಿನ್ ಆಯಿಲ್ ಸವರಿದೆ, ಹೆಚ್ಚಲ್ಲ. ನಡುವಿನಿಂದ ಶುರು ಮಾಡಿ ಎರಡೂ ಬದಿಗೆ ಹೊರಕ್ಕೆ ಹೋಗುತ್ತಾ ಎಲ್ಲಕ್ಕೂ 60 ನ್ಯೂಟನ್ ಮೀಟರ್, ಅದೇ ಕ್ರಮದಲ್ಲಿ 120, ಕೊನೆಗೆ ಉದ್ದ ಹಿಡಿಯಲ್ಲಿ ಇನ್ನೂ 90 ಡಿಗ್ರಿ, ಅಂದರೆ ಕಾಲು ಸುತ್ತು ತಿರುಗಿಸಿದೆ. ತಲೆಗೆ ಬಿಳಿ ಪೇಂಟಿನ ಗೆರೆ ಎಳೆದರೆ ಯಾವುದು ಬಾಕಿ ಅಂತ ಗೊತ್ತಾಗುತ್ತದೆ. ಈ ಅಂಕಿಗಳು ನನ್ನ ಎಂಜಿನ್ನಿನ ಪುಸ್ತಕದವು. ನಿಮ್ಮದಕ್ಕೆ ಬೇರೆ ಇರುತ್ತದೆ, ನೋಡಿಕೊಳ್ಳಿ.

ಈಗ ಏರಿನಲ್ಲೂ ಗುಳ್ಳೆ ಇಲ್ಲ.